ದೀಪ ಹತ್ತಿದ ಮೇಲೆ ಶುರುವಾಗುವ ಸಿನಿಮಾ

ಚಿತ್ರಮಂದಿರದಲ್ಲಿ ಕೊನೆಯ ದೃಶ್ಯ ಮುಗಿಯುವ ಮೊದಲೇ ಅರ್ಧ ಜನ ಎದ್ದು ನಿಂತಿರುತ್ತಾರೆ. ಸ್ಕೂಟರ್ ಸ್ಟ್ಯಾಂಡಿನ ನೂಕುನುಗ್ಗಲು ತಪ್ಪಿಸಿಕೊಳ್ಳಬೇಕು, ಕೊನೆಯ ಬಸ್ಸು ಹಿಡಿಯಬೇಕು. ಕಲಾವಿದರ ಹೆಸರುಗಳು ತೆರೆಯ ಮೇಲೆ ಹರಿಯುತ್ತಿರುವಾಗಲೇ ಪಕ್ಕದ ಬಾಗಿಲು ತೆರೆದು ಬೀದಿಯ ಬೆಳಕು ಒಳಗೆ ನುಗ್ಗುತ್ತದೆ. ಅಲ್ಲಿಗೆ ಸಿನಿಮಾ ಮುಗಿಯಿತು. ಆದರೆ ಇನ್ನೊಂದು ಬಗೆಯ ಪ್ರದರ್ಶನವಿದೆ. ಅಲ್ಲಿ ದೀಪ ಹತ್ತಿದ ಮೇಲೆ ಯಾರೂ ಏಳುವುದಿಲ್ಲ. ತೆರೆಯ ಮುಂದೆ ಒಂದೆರಡು ಕುರ್ಚಿಗಳು ಬರುತ್ತವೆ. ಅಷ್ಟು ಹೊತ್ತೂ ಕತ್ತಲಲ್ಲಿ ಹಿಂದಿನ ಸಾಲಿನಲ್ಲೆಲ್ಲೋ ಇದ್ದ ನಿರ್ದೇಶಕರು ಬಂದು ಅಲ್ಲಿ ಕುಳಿತುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಯಾರೋ ಒಬ್ಬರು ಕೈ ಎತ್ತುತ್ತಾರೆ.

ಇಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಧಾರವಾಡದಲ್ಲೋ ಇಂಥ ಸಂಜೆಗಳು ಅಪರೂಪವೇನಲ್ಲ. ಸ್ವತಂತ್ರ ಚಿತ್ರವೊಂದು ಬಂತೆಂದರೆ ಪ್ರದರ್ಶನ, ಅದರ ಬೆನ್ನಿಗೇ ಸಂವಾದ ಎಂಬುದು ಆಹ್ವಾನ ಪತ್ರಿಕೆಯ ವಾಡಿಕೆಯ ಸಾಲಾಗಿದೆ. ಎಷ್ಟು ವಾಡಿಕೆಯಾಗಿದೆಯೆಂದರೆ, ಇದೂ ಒಂದು ಕಾಲದಲ್ಲಿ ಜಗಳ ಮಾಡಿಯೇ ಗಳಿಸಿದ್ದು ಎನ್ನುವುದು ಮರೆತೇಹೋಗಿದೆ. ನೋಡಿದ್ದಕ್ಕೆ ಎದುರು ಮಾತಾಡುವ ಹಕ್ಕು ಟಿಕೆಟ್ಟಿನ ಜೊತೆಗೆ ಬಂದದ್ದಲ್ಲ. ಅದರ ಹಿಂದೆ ಕಾನೂನಿನ ಕಥೆಯಿದೆ, ಪೊಲೀಸರ ಕಥೆಯಿದೆ. ಎಲ್ಲಕ್ಕಿಂತ ಮೊದಲು ಬೆಂಕಿಯ ಕಥೆಯಿದೆ.

ಆರಂಭದ ಸಿನಿಮಾ ಫಿಲ್ಮುಗಳನ್ನು ನೈಟ್ರೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಕಿಡಿ ತಾಗಿದರೆ ಅದು ಸಿಡಿಮದ್ದಿನಂತೆ ಉರಿಯುತ್ತಿತ್ತು. 1897ರಲ್ಲಿ ಪ್ಯಾರಿಸ್ಸಿನ ಒಂದು ಧರ್ಮಾರ್ಥ ಮೇಳದಲ್ಲಿ ಪ್ರೊಜೆಕ್ಟರಿನ ದೀಪದಿಂದ ಹೊತ್ತಿಕೊಂಡ ಬೆಂಕಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಇಂಥ ಅಪಾಯಗಳ ನೆಪದಲ್ಲಿ ಬ್ರಿಟನ್ 1909ರಲ್ಲಿ ಸಿನಿಮಾಟೊಗ್ರಾಫ್ ಕಾಯಿದೆ ತಂದಿತು. ಪ್ರದರ್ಶನದ ಕಟ್ಟಡಕ್ಕೆ ಸ್ಥಳೀಯ ಆಡಳಿತದ ಪರವಾನಗಿ ಬೇಕು ಎಂಬುದು ಅದರ ತಿರುಳು. ಪ್ರೇಕ್ಷಕರ ಜೀವ ಉಳಿಸಲು ಬಂದ ಕಾಯಿದೆ ಕೆಲವೇ ವರ್ಷಗಳಲ್ಲಿ ಪ್ರೇಕ್ಷಕರು ಏನು ನೋಡಬೇಕು, ಏನು ನೋಡಬಾರದು ಎಂದು ತೀರ್ಮಾನಿಸುವ ಸಾಧನವಾಯಿತು. ಪರವಾನಗಿ ಕೊಡುವವರು ಕಟ್ಟಡಕ್ಕಷ್ಟೇ ಅಲ್ಲ, ಚಿತ್ರಕ್ಕೂ ಷರತ್ತು ಹಾಕತೊಡಗಿದರು. ವಸಾಹತುಗಳಿಗೂ ಅದೇ ದಾರಿ. ಭಾರತಕ್ಕೆ 1918ರಲ್ಲಿ ಇಂಥದೇ ಕಾಯಿದೆ ಬಂತು.

ಈ ಬೇಲಿಯಲ್ಲಿ ಮೊದಲ ಕಿಂಡಿ ಕೊರೆದವರಲ್ಲಿ ಲಂಡನ್ನಿನ ಒಬ್ಬ ಯುವಕನಿದ್ದ. ಐವರ್ ಮಾಂಟೆಗು ಎಂಬಾತನಿಗೆ ಆಗ 21 ವರ್ಷ. ಆತ ಕೆಲವು ಗೆಳೆಯರೊಂದಿಗೆ 1925ರಲ್ಲಿ ‘ಫಿಲ್ಮ್ ಸೊಸೈಟಿ’ ಕಟ್ಟಿದ. ಬರ್ನಾರ್ಡ್ ಷಾ, ಎಚ್.ಜಿ. ವೆಲ್ಸ್, ಅರ್ಥಶಾಸ್ತ್ರಜ್ಞ ಕೀನ್ಸ್ ಮುಂತಾದವರು ಬೆಂಬಲಕ್ಕೆ ನಿಂತರು. ಉಪಾಯ ಸರಳವಾದದ್ದು: ಇದು ಸಾರ್ವಜನಿಕ ಪ್ರದರ್ಶನವಲ್ಲ, ಸದಸ್ಯರ ಖಾಸಗಿ ಕೂಟ. ಹಾಗಾಗಿ ಸೆನ್ಸಾರಿನ ಗೊಡವೆ ಬೇಡ. ಆ ವರ್ಷದ ಅಕ್ಟೋಬರಿನಲ್ಲಿ ಭಾನುವಾರ ಮಧ್ಯಾಹ್ನದ ಮೊದಲ ಪ್ರದರ್ಶನ ನಡೆಯಿತು. ಇದಾಗಿ ಎರಡು ತಿಂಗಳಿಗೆ ದೂರದ ಮಾಸ್ಕೋದಲ್ಲಿ ಸೆರ್ಗೈ ಐಸೆನ್‌ಸ್ಟೀನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಮೊದಲ ಬಾರಿಗೆ ತೆರೆ ಕಂಡಿತು. ಹುಳ ಬಿದ್ದ ಮಾಂಸ ತಿನ್ನಲೊಲ್ಲದ ನಾವಿಕರು ಬಂಡೇಳುವ, ಒಡೆಸ್ಸಾ ಬಂದರಿನ ಮೆಟ್ಟಿಲುಗಳ ಮೇಲೆ ಸೈನಿಕರು ಜನರನ್ನು ಗುಂಡಿಕ್ಕುವ ಆ ಮೂಕಿ ಚಿತ್ರಕ್ಕೂ ಚಿತ್ರ ಸಮಾಜಗಳಿಗೂ ಮುಂದೆ ಗಂಟು ಬೀಳುವುದಿತ್ತು.

ಬ್ರಿಟನ್ನಿನ ಸೆನ್ಸಾರ್ ಮಂಡಲಿ 1926ರಲ್ಲಿ ‘ಪೊಟೆಮ್ಕಿನ್’ಗೆ ಬಾಗಿಲು ಮುಚ್ಚಿತು. ಸೈನಿಕರು, ಕಾರ್ಮಿಕರು ಕೆಡುತ್ತಾರೆಂಬ ಭಯ. ನಿಷೇಧ ತೆರವಾದದ್ದು 1954ರಲ್ಲಿ. ಆದರೆ 1929ರ ನವೆಂಬರ್ 10ರಂದು ಲಂಡನ್ ಸೊಸೈಟಿಯ ಸದಸ್ಯರು ಅದನ್ನು ನೋಡಿಯೇಬಿಟ್ಟರು. ಅದರ ಜೊತೆಗೆ ಮೀನುಗಾರರ ಬದುಕನ್ನು ಕುರಿತ ಜಾನ್ ಗ್ರಿಯರ್ಸನ್‌ನ ‘ಡ್ರಿಫ್ಟರ್ಸ್’ ಕೂಡ ಅಂದು ತೆರೆ ಕಂಡಿತು. ಐಸೆನ್‌ಸ್ಟೀನ್ ಆಗ ಲಂಡನ್ನಿನಲ್ಲೇ ಇದ್ದ. ಪ್ರದರ್ಶನಕ್ಕೂ ಬಂದಿದ್ದ, ಆಸಕ್ತರಿಗೆ ಉಪನ್ಯಾಸಗಳನ್ನೂ ಕೊಟ್ಟ. ಚಿತ್ರ, ಅದರ ಪಕ್ಕದಲ್ಲಿ ಅದನ್ನು ಮಾಡಿದವನು ಎಂಬ ಜೋಡಿ ಹೀಗೆ ರೂಢಿಗೆ ಬರತೊಡಗಿತು.

ಸದಸ್ಯತ್ವದ ಹಣ ಕಟ್ಟಬಲ್ಲವರಿಗೆ ಲಂಡನ್ನಿನಲ್ಲಿ ಕಿಂಡಿ ಸಿಕ್ಕಿತು. ಕಲ್ಲಿದ್ದಲು ಗಣಿಯ ಕೂಲಿಯವರ ಪಾಡೇನು? ಅವರಿಗೆ ದಾರಿ ತೋರಿಸಿದ್ದು ಕಾನೂನು ಪಂಡಿತರಲ್ಲ, ಒಂದು ತಾಂತ್ರಿಕ ಬದಲಾವಣೆ. ಅಮೆರಿಕದ ಕೊಡಕ್ ಕಂಪನಿ 1923ರಲ್ಲಿ ಮಾರುಕಟ್ಟೆಗೆ ಬಿಟ್ಟ 16 ಎಂಎಂ ಫಿಲ್ಮು ಸುಲಭವಾಗಿ ಬೆಂಕಿ ಹತ್ತುವಂಥದ್ದಾಗಿರಲಿಲ್ಲ. 1909ರ ಕಾಯಿದೆಯಾದರೋ ಉರಿಯುವ ಫಿಲ್ಮಿಗೆ ಮಾತ್ರ ಸಂಬಂಧಿಸಿದ್ದು. ಇಂಗ್ಲೆಂಡಿನ ಈಶಾನ್ಯ ಭಾಗದ ಬೋಲ್ಡನ್ ಎಂಬಲ್ಲಿನ ಗಣಿ ಕಾರ್ಮಿಕರ ಭವನದಲ್ಲಿ 1934ರಲ್ಲಿ ಇದೇ ‘ಪೊಟೆಮ್ಕಿನ್’ನ 16 ಎಂಎಂ ಪ್ರತಿಯನ್ನು ತೋರಿಸಿದಾಗ ಮೊಕದ್ದಮೆ ಹೂಡಲಾಯಿತು. ಫಿಲ್ಮು ಉರಿಯುವಂಥದ್ದೆಂದು ಸಾಬೀತಾಗಲಿಲ್ಲ, ಮೊಕದ್ದಮೆ ಬಿದ್ದುಹೋಯಿತು. ಸರ್ಕಾರಕ್ಕೆ ಚಿಂತೆ ಹಚ್ಚಿದ ಬೆಂಕಿ ಬೇರೆಯದು ಎಂಬುದು ನ್ಯಾಯಾಲಯದಲ್ಲಿದ್ದ ಎಲ್ಲರಿಗೂ ಗೊತ್ತಿದ್ದಿರಬೇಕು. ಆದರೆ ಕಾನೂನಿನ ಪುಸ್ತಕದಲ್ಲಿ ಇದ್ದದ್ದು ಫಿಲ್ಮಿನ ಬೆಂಕಿ ಮಾತ್ರ.

ಫ್ರಾನ್ಸಿನಲ್ಲಿ ಇದೇ ಕಾಲಕ್ಕೆ ‘ಸಿನೆ ಕ್ಲಬ್’ಗಳು ಊರೂರಲ್ಲಿ ಹುಟ್ಟಿಕೊಂಡವು. ಅಲ್ಲಿ ಮಾತಿಗೆ ಇನ್ನೂ ಹೆಚ್ಚಿನ ಸ್ಥಾನ. ನೀಸ್ ನಗರದಲ್ಲಿ ಇಂಥದೊಂದು ಕ್ಲಬ್ ಕಟ್ಟಿದ ಝಾನ್ ವಿಗೊ 1930ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಮೊದಲ ಕಿರುಚಿತ್ರವನ್ನು ತೋರಿಸುವಾಗ, ಸಾಮಾಜಿಕ ಸಿನಿಮಾ ಎಂದರೇನು ಎಂದು ತಾನೇ ಎದ್ದು ನಿಂತು ಪ್ರೇಕ್ಷಕರಿಗೆ ವಿವರಿಸಿದ. ಎರಡನೇ ಮಹಾಯುದ್ಧದ ನಂತರ ವಿಮರ್ಶಕ ಆಂದ್ರೆ ಬಾಜಾನ್ ಕಾರ್ಖಾನೆಗಳಿಗೆ, ಕಾರ್ಮಿಕ ಸಂಘಗಳಿಗೆ ಚಿತ್ರಗಳನ್ನು ಕೊಂಡೊಯ್ದು, ತೋರಿಸಿದ ಮೇಲೆ ಚರ್ಚೆ ನಡೆಸುತ್ತಿದ್ದ. ಮುಂದೆ ಫ್ರೆಂಚ್ ‘ಹೊಸ ಅಲೆ’ ಎಂದು ಹೆಸರಾದ ನಿರ್ದೇಶಕರು ಇಂಥ ಕ್ಲಬ್ಬುಗಳ ಮುಂದಿನ ಸಾಲಿನಲ್ಲಿ ಕೂತು ಜಗಳವಾಡಿ ಬೆಳೆದವರು.

ಭಾರತದಲ್ಲಿ ಈ ಗಿಡ ಬೇರು ಬಿಟ್ಟದ್ದು ಕಲ್ಕತ್ತದಲ್ಲಿ. ಬೊಂಬಾಯಿಯಲ್ಲಿ ಅದಕ್ಕೂ ಮೊದಲೇ ಕೆಲವು ಪ್ರಯತ್ನಗಳು ನಡೆದಿದ್ದರೂ, ಸ್ವಾತಂತ್ರ್ಯ ಬಂದು ಎರಡು ತಿಂಗಳು ತುಂಬುವ ಮೊದಲು, 1947ರ ಅಕ್ಟೋಬರ್ 5ರಂದು ಹುಟ್ಟಿದ ‘ಕಲ್ಕತ್ತ ಫಿಲ್ಮ್ ಸೊಸೈಟಿ’ಯ ಪ್ರಭಾವ ದೊಡ್ಡದು. ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬರೆಯುತ್ತಿದ್ದ ಸತ್ಯಜಿತ್ ರೇ, ಗೆಳೆಯ ಚಿದಾನಂದ ದಾಸ್‌ಗುಪ್ತ, ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಮುಂತಾದವರು ಸೇರಿ ಕಟ್ಟಿದ ಸಂಘ ಅದು. ಅವರು ತೋರಿಸಿದ ಮೊದಲ ಚಿತ್ರ ಯಾವುದೆಂದು ಓದುಗರು ಈಗಾಗಲೇ ಊಹಿಸಿರಬಹುದು: ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’.

ಎರಡು ವರ್ಷ ಕಳೆದು, 1949ರಲ್ಲಿ, ಫ್ರಾನ್ಸಿನ ಪ್ರಸಿದ್ಧ ನಿರ್ದೇಶಕ ಝಾನ್ ರೆನ್ವಾ ‘ದಿ ರಿವರ್’ ಚಿತ್ರದ ಜಾಗ ಹುಡುಕಲು ಕಲ್ಕತ್ತಕ್ಕೆ ಬಂದರು. ರೇ ಅವರನ್ನು ಹೋಟೆಲಿನಲ್ಲಿ ಕಂಡು, ಸುತ್ತಲ ಹಳ್ಳಿಗಳಿಗೆ ಜೊತೆಯಾಗಿ ತಿರುಗಾಡಿದರು. ಸೊಸೈಟಿಯ ಸದಸ್ಯರೊಂದಿಗೂ ರೆನ್ವಾ ಮಾತುಕತೆ ನಡೆಸಿದರು. ಹಾಲಿವುಡ್ಡಿನ ಗುಂಗನ್ನು ಕೊಡವಿಕೊಂಡು ನಿಮ್ಮದೇ ಶೈಲಿ ಕಂಡುಕೊಂಡರೆ ಈ ನೆಲದಲ್ಲಿ ದೊಡ್ಡ ಚಿತ್ರಗಳು ಬರುತ್ತವೆ ಎಂಬರ್ಥದ ಮಾತನ್ನು ಅವರು ಆಡಿದ್ದನ್ನು ರೇ ಮುಂದೆ ದಾಖಲಿಸಿದ್ದಾರೆ. ‘ದಿ ರಿವರ್’ ಚಿತ್ರೀಕರಣದಲ್ಲಿ ಬನ್ಸಿ ಚಂದ್ರಗುಪ್ತ ಕಲಾ ವಿಭಾಗದಲ್ಲಿ ದುಡಿದರು. ಸುಬ್ರತ ಮಿತ್ರ ಎಂಬ ಹುಡುಗ ದಿನವೂ ಬಂದು ಬೆಳಕು ಬೀಳುವ ಬಗೆಯನ್ನು ಗುರುತು ಹಾಕಿಕೊಂಡ. 1955ರಲ್ಲಿ ‘ಪಥೇರ್ ಪಾಂಚಾಲಿ’ ಬಂದಾಗ ನಿರ್ದೇಶಕ, ಕಲಾ ನಿರ್ದೇಶಕ, ಛಾಯಾಗ್ರಾಹಕ ಮೂವರೂ ಆ ಮಾತುಕತೆಯ ಸುತ್ತ ಇದ್ದವರೇ. ಒಂದು ಸಂವಾದದಿಂದ ಒಂದು ಚಿತ್ರ ಹುಟ್ಟುತ್ತದೆ ಎಂದು ಹೇಳುವುದು ಉತ್ಪ್ರೇಕ್ಷೆ. ವಿಭೂತಿಭೂಷಣರ ಕಾದಂಬರಿಯಿತ್ತು, 1950ರಲ್ಲಿ ರೇ ಲಂಡನ್ನಿನಲ್ಲಿ ನೋಡಿದ ‘ಬೈಸಿಕಲ್ ಥೀವ್ಸ್’ ಇತ್ತು, ಸಾಲವಿತ್ತು, ಹಟವಿತ್ತು. ಆದರೂ ಆ ಮಾತುಕತೆಯ ಪಾಲನ್ನು ಅಲ್ಲಗಳೆಯಲಾಗದು.

ಸಂವಾದವೆಂದರೆ ಎಲ್ಲ ಕಡೆಯೂ ಇಂಥ ಸೌಹಾರ್ದವೇ ಇರುತ್ತದೆಂದು ಭಾವಿಸಬೇಕಿಲ್ಲ. ಕಲ್ಕತ್ತದ ಸಂಘ ಹುಟ್ಟಿದ ವರ್ಷವೇ ನ್ಯೂಯಾರ್ಕಿನಲ್ಲಿ ಏಮಸ್ ವೋಗೆಲ್ ಎಂಬ ವಲಸಿಗ ‘ಸಿನಿಮಾ 16’ ಎಂಬ ಸಂಘ ಕಟ್ಟಿದ. 16 ಎಂಎಂ ಫಿಲ್ಮಿನ ಹೆಸರನ್ನೇ ಇಟ್ಟುಕೊಂಡ ಈ ಸಂಘಕ್ಕೆ ಏಳಿಗೆಯ ದಿನಗಳಲ್ಲಿ 7,000 ಸದಸ್ಯರಿದ್ದರು. ವೋಗೆಲ್‌ಗೆ ಪ್ರೇರಣೆಯಾದವಳು ಮಾಯಾ ಡೆರೆನ್. 1943ರಲ್ಲಿ ‘ಮೆಷೆಸ್ ಆಫ್ ದಿ ಆಫ್ಟರ್‌ನೂನ್’ ಎಂಬ ಕನಸಿನಂಥ ಕಿರುಚಿತ್ರ ಮಾಡಿದ ಆಕೆಗೆ ಯಾವ ವಿತರಕನೂ ಸಿಗಲಿಲ್ಲ. 1946ರಲ್ಲಿ ತಾನೇ ಒಂದು ಸಣ್ಣ ನಾಟಕಶಾಲೆ ಬಾಡಿಗೆಗೆ ಹಿಡಿದು ತನ್ನ ಚಿತ್ರಗಳನ್ನು ತೋರಿಸಿದಳು. ಆಮೇಲೆ ಕಾಲೇಜುಗಳಿಗೆ, ಸಂಗ್ರಹಾಲಯಗಳಿಗೆ ಡಬ್ಬಿ ಹೊತ್ತು ತಿರುಗಿ, ತೋರಿಸಿ, ಮಾತಾಡಿ, ವಾದಿಸಿದಳು. ಸ್ವತಂತ್ರ ಚಿತ್ರ ಮಾಡುವವರು ಚಿತ್ರ ಮಾಡಿದರಷ್ಟೇ ಸಾಲದು, ಅದಕ್ಕೆ ನೋಡುಗರನ್ನೂ ತಾವೇ ದುಡಿದು ಗಳಿಸಿಕೊಳ್ಳಬೇಕು ಎಂಬುದು ಆಕೆಗೆ ಬೇಗ ಅರ್ಥವಾಗಿತ್ತು.

1953ರ ಅಕ್ಟೋಬರ್ 28ರಂದು ‘ಸಿನಿಮಾ 16’ ಕಾವ್ಯ ಮತ್ತು ಸಿನಿಮಾ ಕುರಿತು ಗೋಷ್ಠಿ ಏರ್ಪಡಿಸಿತು. ವೇದಿಕೆಯಲ್ಲಿ ನಾಟಕಕಾರ ಆರ್ಥರ್ ಮಿಲ್ಲರ್, ವೇಲ್ಸಿನ ಕವಿ ಡಿಲನ್ ಥಾಮಸ್, ವಿಮರ್ಶಕ ಪಾರ್ಕರ್ ಟೈಲರ್ ಇದ್ದರು. ಇದ್ದ ಒಬ್ಬಳೇ ಹೆಂಗಸು ಡೆರೆನ್. ಕಥೆ ಒಂದು ಘಟನೆಯಿಂದ ಇನ್ನೊಂದಕ್ಕೆ ಅಡ್ಡಡ್ಡಲಾಗಿ ಸಾಗುತ್ತದೆ, ಕಾವ್ಯವಾದರೋ ಒಂದೇ ಕ್ಷಣದೊಳಗೆ ಲಂಬವಾಗಿ ಇಳಿಯುತ್ತದೆ, ಸಿನಿಮಾಗೂ ಅದು ಸಾಧ್ಯ ಎಂದು ಆಕೆ ವಿವರಿಸಿದಳು. ಥಾಮಸ್ ಅದನ್ನು ಗೇಲಿ ಮಾಡಿದ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಮಿಲ್ಲರ್ ಕೂಡ ಆಕೆಯ ಪಕ್ಷ ವಹಿಸಲಿಲ್ಲ. ಡೆರೆನ್ ಬಿಡದೆ ತನ್ನ ವಾದವನ್ನು ಮತ್ತೆ ಮಂಡಿಸಿದಳು. ಎರಡು ವಾರ ಕಳೆಯುವುದರೊಳಗೆ ಥಾಮಸ್ ತೀರಿಕೊಂಡ. ಅಂದಿನ ನಗು ಎಂದೋ ಅಡಗಿದೆ. ಅಡ್ಡ-ಲಂಬದ ವಾದವನ್ನು ಮಾತ್ರ ಸಿನಿಮಾ ಶಾಲೆಗಳಲ್ಲಿ ಇಂದಿಗೂ ಓದಿಸುತ್ತಾರೆ. ಸಭೆಯ ಚಪ್ಪಾಳೆಯನ್ನು ನಂಬಿ ಚಿತ್ರದ ಬೆಲೆ ಕಟ್ಟುವವರು ಈ ಸಂಜೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇತ್ತ ಭಾರತದಲ್ಲಿ 1952ರ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಬೊಂಬಾಯಿಯಲ್ಲಿ ಆರಂಭವಾಗಿ ಮದ್ರಾಸು, ದೆಹಲಿ, ಕಲ್ಕತ್ತಗಳಿಗೂ ಹೋಗಿ ಇಟಲಿಯ ಚಿತ್ರಗಳ ರುಚಿ ಹತ್ತಿಸಿತು. 1959ರಲ್ಲಿ ಚಿತ್ರ ಸಮಾಜಗಳ ಒಕ್ಕೂಟ ಸ್ಥಾಪನೆಯಾದಾಗ ಅದರಲ್ಲಿದ್ದದ್ದು ಕಲ್ಕತ್ತ, ದೆಹಲಿ, ಮದ್ರಾಸು, ಪಾಟ್ನಾ, ಬೊಂಬಾಯಿ, ರೂರ್ಕಿಗಳ ಬೆರಳೆಣಿಕೆಯ ಸಂಘಗಳು. ರೇ ಅಧ್ಯಕ್ಷರು, ಉಪಾಧ್ಯಕ್ಷರಲ್ಲಿ ಇಂದಿರಾ ಗಾಂಧಿಯವರೂ ಒಬ್ಬರು. 1952ರ ಸಿನಿಮಾಟೊಗ್ರಾಫ್ ಕಾಯಿದೆಯಲ್ಲಿ ಕೇಂದ್ರ ಸರ್ಕಾರ ಪ್ರಮಾಣಪತ್ರದಿಂದ ವಿನಾಯಿತಿ ಕೊಡಬಹುದಾದ ಕಲಮು ಇದೆ. ಇಂದಿರಾ 1964ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವೆಯಾದ ಮೇಲೆ ಚಿತ್ರ ಸಮಾಜಗಳಿಗೆ ಆ ವಿನಾಯಿತಿಯ ದಾರಿ ಸುಗಮವಾಯಿತು. ಅದೇ ವರ್ಷ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾಯಿತು, ಪಿ.ಕೆ. ನಾಯರ್ ಅಲ್ಲಿ ಕೂತು ದೇಶದ ಮೂಲೆಮೂಲೆಗೆ 16 ಎಂಎಂ ಪ್ರತಿಗಳನ್ನು ಕಳುಹಿಸತೊಡಗಿದರು. ಉಳಿದದ್ದನ್ನು ರಾಯಭಾರ ಕಚೇರಿಗಳು ಪೂರೈಸಿದವು. ಸೋವಿಯತ್, ಪೋಲೆಂಡ್, ಹಂಗೇರಿ, ಜೆಕೊಸ್ಲೊವಾಕಿಯಾಗಳ ಚಿತ್ರಗಳು ಪುಕ್ಕಟೆಯಾಗಿ ಬರುತ್ತಿದ್ದವು.

ಸೆನ್ಸಾರಿಲ್ಲದ ಪ್ರದರ್ಶನವೆಂದರೆ ಎಲ್ಲ ಸದಸ್ಯರೂ ಬರುತ್ತಿದ್ದದ್ದು ಕಲೆಗಾಗಿಯೇ ಎಂದು ನಂಬುವಷ್ಟು ಮುಗ್ಧತೆ ಬೇಡ. ಕತ್ತರಿ ಬೀಳದ ವಿದೇಶಿ ಚಿತ್ರ ಎಂದರೆ ಸಭಾಂಗಣ ಭರ್ತಿ. ಚರ್ಚೆಗೆ ಮಾತ್ರ ಮೊದಲೆರಡು ಸಾಲು. ಈ ಮಾತನ್ನು ಅಂದಿನ ಸಂಘಟಕರೇ ನಗುನಗುತ್ತ ಒಪ್ಪಿಕೊಳ್ಳುತ್ತಿದ್ದರು. ಅದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿತ್ತು. ಸದಸ್ಯರಿಗೆ ಮಾತ್ರ ಎಂಬ ಷರತ್ತು ಸೆನ್ಸಾರನ್ನು ಹೊರಗಿಟ್ಟಂತೆಯೇ ಬಹುಪಾಲು ಜನರನ್ನೂ ಹೊರಗಿಟ್ಟಿತು. ಚಂದಾ ಕಟ್ಟಲು ಹಣ ಬೇಕು, ಉಪಶೀರ್ಷಿಕೆ ಓದಲು ಇಂಗ್ಲಿಷ್ ಬೇಕು, ಸಂಜೆ ಬಿಡುವು ಬೇಕು. ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು ನಗರದ ಒಂದು ಸಣ್ಣ ವರ್ಗಕ್ಕೆ.

ಕರ್ನಾಟಕದಲ್ಲಿ ಈ ಕಥೆಯ ಎರಡು ಮುಖಗಳನ್ನೂ ನೋಡಬಹುದು. 1970ರಲ್ಲಿ ಬಂದ ‘ಸಂಸ್ಕಾರ’ ಮೊದಲು ಸೆನ್ಸಾರಿನ ತಡೆಗೆ ಸಿಕ್ಕಿ, ಆಮೇಲೆ ಬಿಡುಗಡೆಯಾಗಿ ಸ್ವರ್ಣಕಮಲ ಗೆದ್ದಿತು. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’ ಅದರ ಹಿಂದೆಯೇ ಬಂದವು. ಇವನ್ನು ನೋಡಿ ವಾದಿಸುವ ಪ್ರೇಕ್ಷಕರೂ ಬೇಕಿತ್ತು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ‘ಸುಚಿತ್ರ’ ಫಿಲ್ಮ್ ಸೊಸೈಟಿ ಅಂಥ ಪ್ರೇಕ್ಷಕರನ್ನು ಒಂದು ಕಡೆ ಸೇರಿಸಿತು. ಮುಂದೆ ಬನಶಂಕರಿಯಲ್ಲಿ ಸ್ವಂತ ಕಟ್ಟಡವನ್ನೂ ಕಟ್ಟಿಕೊಂಡಿತು. ನಗರದ ಚಿತ್ರ ಸಮಾಜಗಳಲ್ಲಿ ಸ್ವಂತ ಸೂರು ಕಂಡವು ಬಹಳ ಕಡಿಮೆ.

ಇನ್ನೊಂದು ಮುಖ ಕಾಣಬೇಕಾದರೆ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಬೇಕು. ಅಡಿಕೆ ತೋಟಗಳ ನಡುವಿನ ಈ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, 1973ರಲ್ಲಿ ಚಿತ್ರಸಮಾಜವನ್ನೂ ಆರಂಭಿಸಿತು. ಹಿಂದೆ ಇದ್ದವರು ಕೆ.ವಿ. ಸುಬ್ಬಣ್ಣ. ಜಗತ್ತಿನ ಶ್ರೇಷ್ಠ ಚಿತ್ರಗಳು ಹಳ್ಳಿಯವರಿಗೆ ಅರ್ಥವಾದಾವೇ ಎಂಬ ಅನುಮಾನ ಪಟ್ಟಣದವರದು. ಸುಬ್ಬಣ್ಣನವರು ಆ ಅನುಮಾನವನ್ನು ಒಪ್ಪಲಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ, ತಾಳಮದ್ದಳೆಯಲ್ಲಿ ಕೃಷ್ಣನಿಗೂ ಕೌರವನಿಗೂ ನಡೆಯುವ ವಾದವನ್ನು ಕಿವಿಗೊಟ್ಟು ಕೇಳಿ, ಬೆಳಿಗ್ಗೆ ಮನೆಗೆ ನಡೆಯುವಾಗ ಯಾರ ಅರ್ಥಗಾರಿಕೆ ಮೇಲಾಯಿತೆಂದು ತೂಗುವ ಜನಕ್ಕೆ ನೋಡಿದ್ದನ್ನು ಕುರಿತು ಮಾತಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಹೊಸದಾಗಿದ್ದದ್ದು ಸಿನಿಮಾದ ಭಾಷೆ.

ಅದನ್ನು ಕಲಿಸಲು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಸತೀಶ್ ಬಹಾದ್ದೂರ್ ಬಂದರು. ಚಲನಚಿತ್ರ ರಸಗ್ರಹಣ ಎಂಬ ಪಾಠವನ್ನು ಭಾರತದಲ್ಲಿ ರೂಪಿಸಿದವರು ಅವರು. ‘ಪಥೇರ್ ಪಾಂಚಾಲಿ’ಯನ್ನು ಒಂದೊಂದು ಶಾಟ್ ಆಗಿ ಬಿಡಿಸಿ, ಪ್ರೊಜೆಕ್ಟರ್ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ತೋರಿಸಿ ಪಾಠ ಮಾಡುವುದು ಅವರ ಕ್ರಮ. 1970ರ ದಶಕದ ಕೊನೆಯಿಂದ ಹೆಗ್ಗೋಡಿನಲ್ಲಿ ರಸಗ್ರಹಣ ಶಿಬಿರಗಳು ನಡೆದವು. ‘ಬೈಸಿಕಲ್ ಥೀವ್ಸ್’, ‘ರಾಶೊಮೋನ್’ನಂಥ ಚಿತ್ರಗಳು ಶಾಲಾ ಮೇಷ್ಟರು, ರೈತರು, ಅಂಗಡಿಯವರ ಎದುರಿಗೆ ಬಂದವು. 16 ಎಂಎಂ ಪ್ರದರ್ಶನಕ್ಕೆ ಒಂದು ವಿಶೇಷವಿದೆ. ದೊಡ್ಡ ಸುರುಳಿಯೂ ಮುಕ್ಕಾಲು ಗಂಟೆ ಓಡಿದರೆ ಹೆಚ್ಚು. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ಸುರುಳಿ ಬದಲಿಸಲು ದೀಪ ಹಾಕಲೇಬೇಕು. ಆ ನಾಲ್ಕೈದು ನಿಮಿಷದಲ್ಲಿ ಪಕ್ಕದವರ ಜೊತೆ ಮಾತು ಹತ್ತುತ್ತದೆ. ಚರ್ಚೆ ಚಿತ್ರ ಮುಗಿಯುವವರೆಗೆ ಕಾಯುವುದೇ ಇಲ್ಲ. ಉಪಶೀರ್ಷಿಕೆ ಇಂಗ್ಲಿಷಿನಲ್ಲಿದ್ದುದರಿಂದ ಕನ್ನಡದಲ್ಲಿ ಹೇಳುವವರೊಬ್ಬರು ಬೇಕೇಬೇಕು. ಹೀಗೆ ಕನ್ನಡದಲ್ಲಿ ಸಿನಿಮಾ ಕುರಿತು ಮಾತಾಡುವ, ಬರೆಯುವ ಭಾಷೆಯೊಂದು ತಯಾರಾಯಿತು.

1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ‘ಜನಸ್ಪಂದನ’ ಯೋಜನೆ ಈ ಕೆಲಸವನ್ನು ರಾಜ್ಯದ ಇತರ ಊರುಗಳಿಗೂ ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1977ರಲ್ಲಿ ‘ಘಟಶ್ರಾದ್ಧ’ದಿಂದ ಸ್ವರ್ಣಕಮಲ ಗೆದ್ದ ಗಿರೀಶ್ ಕಾಸರವಳ್ಳಿ ಅವರ ಸೋದರಳಿಯ ಎಂಬುದನ್ನು ಇಲ್ಲಿ ನೆನೆಯಬಹುದು. ಹೆಗ್ಗೋಡಿನ ಇನ್ನೊಂದು ಪದ್ಧತಿ ಗಮನಿಸತಕ್ಕದ್ದು. 1990ರಿಂದ ಪ್ರತಿವರ್ಷ ನಡೆದುಬಂದ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಚರ್ಚೆ ಮರುದಿನ ಬೆಳಿಗ್ಗೆ. ಒಂದು ನಿದ್ದೆ ಕಳೆದ ಮೇಲೆ ಉಳಿದದ್ದೇನೋ ಅದರ ಬಗ್ಗೆ ಮಾತು. ದೀಪ ಹತ್ತಿದ ಕೂಡಲೇ ಮೈಕು ಹಿಡಿಯುವ ನಗರದ ಸಂವಾದಗಳಿಗಿಂತ ಇದು ಎಷ್ಟೋ ವಿವೇಕದ ಪದ್ಧತಿ ಎನ್ನಬೇಕು.

ನೆರೆಯ ಕೇರಳದಲ್ಲಿ ಚಳವಳಿ ಬೇರೆಯೇ ಎತ್ತರಕ್ಕೆ ಏರಿತು. ಪುಣೆಯಿಂದ ಹೊರಬಂದ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು 1965ರಲ್ಲಿ ತಿರುವನಂತಪುರದಲ್ಲಿ ‘ಚಿತ್ರಲೇಖ’ ಸ್ಥಾಪಿಸಿದರು. ಅದರ ಸಹಕಾರ ಸಂಘವೇ ನಿರ್ಮಾಪಕನಾಗಿ 1972ರಲ್ಲಿ ಅಡೂರರ ಮೊದಲ ಚಿತ್ರ ‘ಸ್ವಯಂವರಂ’ ಬಂತು. ನೋಡುವವರೇ ಮಾಡುವವರೂ ಆದರು. ಹನ್ನೆರಡು ವರ್ಷಗಳ ನಂತರ ಇದೇ ವಿಚಾರವನ್ನು ಬೀದಿಗೆ ತಂದವರು ಜಾನ್ ಅಬ್ರಹಾಂ.

ಪುಣೆಯಲ್ಲಿ ಋತ್ವಿಕ್ ಘಟಕರ ಶಿಷ್ಯರಾಗಿದ್ದ ಜಾನ್, ತಮಿಳಿನಲ್ಲಿ ‘ಅಗ್ರಹಾರತ್ತಿಲ್ ಕಳುದೈ’ (ಅಗ್ರಹಾರದಲ್ಲಿ ಕತ್ತೆ) ಮಾಡಿ ಹೆಸರಾದವರು. ಹೆಸರಿನ ಜೊತೆಗೆ ವಿರೋಧವನ್ನೂ ಕಟ್ಟಿಕೊಂಡವರು. 1984ರಲ್ಲಿ ಕೋಳಿಕ್ಕೋಡಿನಲ್ಲಿ ಅವರೂ ಗೆಳೆಯರೂ ಸೇರಿ ಒಂದು ತಂಡ ಕಟ್ಟಿದರು. ಹೆಸರು ‘ಒಡೆಸ್ಸಾ’. ‘ಪೊಟೆಮ್ಕಿನ್’ನ ಆ ಮೆಟ್ಟಿಲುಗಳಿದ್ದ ಊರಿನ ಹೆಸರು. ನಿರ್ಮಾಪಕರೂ ಬೇಡ, ವಿತರಕರೂ ಬೇಡ, ಜನರಿಂದಲೇ ಹಣ ಎತ್ತಿ ಚಿತ್ರ ಮಾಡಿ ಜನರಿಗೇ ತೋರಿಸಬೇಕು ಎಂಬುದು ಸಂಕಲ್ಪ. ತಂಡದವರು 16 ಎಂಎಂ ಪ್ರೊಜೆಕ್ಟರ್ ಹೊತ್ತು ಊರೂರು ತಿರುಗಿದರು. ಚಾಪ್ಲಿನ್ನನ ‘ದಿ ಕಿಡ್’ನಂಥ ಚಿತ್ರಗಳನ್ನು ತೋರಿಸಿದರು, ಬೀದಿಯಲ್ಲಿ ಚೆಂಡೆ ಬಾರಿಸಿದರು, ಕೈಚಾಚಿ ಚಿಲ್ಲರೆ ಕಾಸು ಸಂಗ್ರಹಿಸಿದರು.

ಹಾಗೆ ಕೂಡಿದ ಕಾಸಿನಿಂದ 1986ರಲ್ಲಿ ‘ಅಮ್ಮ ಅರಿಯಾನ್’ ಸಿದ್ಧವಾಯಿತು. ‘ಅಮ್ಮನಿಗೆ ತಿಳಿಸಲು’ ಎಂದು ಹೆಸರಿನ ಅರ್ಥ. ದೆಹಲಿಗೆ ಹೊರಟ ಪುರುಷನ್ ಎಂಬ ಯುವಕ ದಾರಿಯಲ್ಲಿ ಒಂದು ಶವವನ್ನು ಕಾಣುತ್ತಾನೆ. ಅದು ತಬಲಾ ನುಡಿಸುತ್ತಿದ್ದ ಗೆಳೆಯ ಹರಿಯದು, ಆತ್ಮಹತ್ಯೆ. ಸುದ್ದಿಯನ್ನು ಹರಿಯ ತಾಯಿಗೆ ಮುಟ್ಟಿಸಬೇಕು. ವಯನಾಡಿನಿಂದ ಕೊಚ್ಚಿಯವರೆಗಿನ ಆ ಹಾದಿಯಲ್ಲಿ ಊರಿಗೊಬ್ಬರಂತೆ ಗೆಳೆಯರು ಜೊತೆ ಸೇರುತ್ತಾರೆ. ಗುಂಪು ಬೆಳೆಯುತ್ತ ಹೋಗುತ್ತದೆ. ನಡುನಡುವೆ ಕೇರಳದ ನಿಜವಾದ ಮುಷ್ಕರಗಳು, ಹೋರಾಟಗಳು ಬರುತ್ತವೆ. ಇಡೀ ಚಿತ್ರ ಪುರುಷನ್ ತನ್ನ ತಾಯಿಗೆ ಬರೆಯುವ ಪತ್ರದ ರೂಪದಲ್ಲಿದೆ. ಸಾಯುವ ಮಕ್ಕಳ ಸುದ್ದಿಯನ್ನು ಅಮ್ಮಂದಿರಿಗೆ ಹೇಳುವುದು ಹೇಗೆ ಎಂಬುದು ಅದರ ಕಷ್ಟ. ನಕ್ಸಲ್ ಚಳವಳಿಯ ಸೋಲನ್ನೂ ತುರ್ತುಪರಿಸ್ಥಿತಿಯ ಚಿತ್ರಹಿಂಸೆಯನ್ನೂ ಕಂಡಿದ್ದ ಕೇರಳದಲ್ಲಿ ಈ ಕಷ್ಟ ಕೇವಲ ಕಥೆಯಾಗಿರಲಿಲ್ಲ.

ಚಿತ್ರಕ್ಕೆ ಟಿಕೆಟ್ ಇರಲಿಲ್ಲ. ಹಣ ಕೊಟ್ಟ ಊರುಗಳಿಗೇ ಪ್ರೊಜೆಕ್ಟರ್ ಮತ್ತೆ ಹೋಯಿತು. ಇಲ್ಲಿ ನೋಡುಗನ ಸ್ಥಾನ ಬದಲಾದದ್ದನ್ನು ಗಮನಿಸಬೇಕು. ಐದು ರೂಪಾಯಿ ಕೊಟ್ಟವನು ಟಿಕೆಟ್ ಕೊಂಡವನಲ್ಲ, ಪಾಲುದಾರ. ನಮ್ಮ ದುಡ್ಡಿನಲ್ಲಿ ಏನು ಮಾಡಿದಿರಿ ಎಂದು ಕೇಳುವ ಅಧಿಕಾರ ಅವನಿಗಿದೆ. ಚಿತ್ರ ಅರ್ಥವಾಗಲಿಲ್ಲ ಎಂದು ಹೇಳುವ ಅಧಿಕಾರವೂ ಇದೆ. ಹೀಗೆ ಉತ್ತರ ಕೊಡಬೇಕಾದ ಸ್ಥಿತಿಯನ್ನು ಬೇಕೆಂದೇ ತಂದುಕೊಂಡ ನಿರ್ದೇಶಕರು ವಿರಳ. ಆದರೆ ಅದು ಬಹಳ ಕಾಲ ನಡೆಯಲಿಲ್ಲ. 1987ರ ಮೇ 31ರಂದು ಕೋಳಿಕ್ಕೋಡಿನಲ್ಲಿ ಕಟ್ಟಡವೊಂದರಿಂದ ಬಿದ್ದು ಜಾನ್ ತೀರಿಕೊಂಡರು. ಒಡೆಸ್ಸಾ ಉಳಿಯಿತಾದರೂ ಅಂಥ ಇನ್ನೊಂದು ಕಥಾಚಿತ್ರ ಬರಲಿಲ್ಲ.

ಆ ಹೊತ್ತಿಗೆ ಮನೆಮನೆಗೆ ಟಿ.ವಿ., ವಿಡಿಯೊ ಬಂದಿದ್ದವು. ಸದಸ್ಯರು ಕರಗಿದರು, 16 ಎಂಎಂ ಪ್ರೊಜೆಕ್ಟರುಗಳಿಗೆ ಬಲ್ಬು ಸಿಗುವುದೂ ಕಷ್ಟವಾಯಿತು. ಅನೇಕ ಚಿತ್ರ ಸಮಾಜಗಳು ಲೆಟರ್‌ಹೆಡ್ಡಿನಲ್ಲಿ ಮಾತ್ರ ಉಳಿದವು. ವಿಚಿತ್ರವೆಂದರೆ, ಕೊಂದ ವಿಡಿಯೊವೇ ಇನ್ನೊಂದು ರೂಪದಲ್ಲಿ ಜೀವವನ್ನೂ ಕೊಟ್ಟಿತು. 2004ರ ಮುಂಬೈ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವಕ್ಕೆ ಭಾರತೀಯ ಚಿತ್ರಗಳು ಸೆನ್ಸಾರ್ ಪ್ರಮಾಣಪತ್ರ ತರಬೇಕೆಂಬ ನಿಯಮ ಬಂದಾಗ ನಿರ್ದೇಶಕರು ಒಟ್ಟಾಗಿ ಪ್ರತಿಭಟಿಸಿದರು. ನಿಯಮ ಹಿಂದಕ್ಕೆ ಹೋಯಿತು. ಆದರೆ ಹಲವು ಟೀಕಾತ್ಮಕ ಚಿತ್ರಗಳು ಆಯ್ಕೆಯಾಗಲಿಲ್ಲ. ಅವನ್ನೆಲ್ಲ ಸೇರಿಸಿ ನಿರ್ದೇಶಕರೇ ‘ವಿಕಲ್ಪ’ ಎಂಬ ಪರ್ಯಾಯ ಉತ್ಸವ ನಡೆಸಿದರು. ಗುಜರಾತಿನ 2002ರ ಹಿಂಸಾಚಾರ ಕುರಿತ ರಾಕೇಶ್ ಶರ್ಮಾ ಅವರ ‘ಫೈನಲ್ ಸಲ್ಯೂಷನ್’ ಅಲ್ಲಿ ತೆರೆ ಕಂಡಿತು. ಆಮೇಲೆ ಆ ಚಿತ್ರಕ್ಕೆ ಸೆನ್ಸಾರ್ ಅಡ್ಡ ಬಂದಾಗ ನಕಲು ಮಾಡಿ ಹಂಚಿ ಎಂದು ಶರ್ಮಾ ಸಿ.ಡಿ.ಗಳನ್ನು ಕೊಟ್ಟರು. ಒಂದು ಲ್ಯಾಪ್‌ಟಾಪು, ಒಂದು ಸಣ್ಣ ಪ್ರೊಜೆಕ್ಟರು, ಒಂದು ಬಿಳಿ ಗೋಡೆ ಇದ್ದರೆ ಸಾಕೆಂಬ ಕಾಲ ಬಂತು. ಉರಿಯುವ ಫಿಲ್ಮೇ ಇಲ್ಲದ ಮೇಲೆ ಬೆಂಕಿಯ ನೆಪವೂ ಉಳಿಯಲಿಲ್ಲ.

ಇಂದಿನ ಸಂವಾದಗಳ ದೌರ್ಬಲ್ಯ ಬೇರೆ. ಅತಿಯಾದ ಮರ್ಯಾದೆ. ನಿರ್ದೇಶಕರು ಎದುರಿಗಿದ್ದಾರೆಂಬ ಸಂಕೋಚಕ್ಕೆ ಪ್ರಶ್ನೆಗಳು ಹೊಗಳಿಕೆಯಿಂದ ಶುರುವಾಗಿ ಕ್ಯಾಮೆರಾ ಯಾವುದು, ಬಜೆಟ್ ಎಷ್ಟು ಎಂಬಲ್ಲಿಗೆ ಮುಗಿಯುತ್ತವೆ. ಇಲ್ಲವಾದರೆ ಯಾರೋ ಒಬ್ಬರು ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುತ್ತಾರೆ. ಆನಂದ್ ಪಟವರ್ಧನ್ ಅವರ 1985ರ ‘ಬಾಂಬೆ: ಅವರ್ ಸಿಟಿ’ ಸಾಕ್ಷ್ಯಚಿತ್ರದಲ್ಲಿ ಒಂದು ದೃಶ್ಯವಿದೆ. ಗುಡಿಸಲು ಕಳೆದುಕೊಂಡ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದವರ ಮೇಲೆಯೇ ತಿರುಗಿ ಬೀಳುತ್ತಾಳೆ. ಬಡವರ ಚಿತ್ರ ತೆಗೆದು ಹೆಸರು ಮಾಡುತ್ತೀರಿ, ಇದರಿಂದ ನಮಗೇನು ಬಂತು ಎಂಬ ಧಾಟಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಪಟವರ್ಧನ್ ಅದನ್ನು ಕತ್ತರಿಸದೆ ಹಾಗೆಯೇ ಉಳಿಸಿಕೊಂಡರು. ಸಭಾಂಗಣಗಳಲ್ಲಿ ಕೇಳುವ ನೂರು ಪ್ರಶ್ನೆಗಳಿಗಿಂತ ಆ ಒಂದು ಪ್ರಶ್ನೆ ಗಟ್ಟಿ. ಅದನ್ನು ಕೇಳಿದವಳಿಗೆ ಸಭಾಂಗಣದ ಬಾಗಿಲು ತೆರೆದಿರಲಿಲ್ಲ ಅಷ್ಟೇ.

ಬಾಗಿಲು ಯಾರಿಗೆ, ಚಿತ್ರ ಯಾವುದು ಎಂಬ ತಕರಾರು ಇನ್ನೂ ಮುಗಿದಿಲ್ಲ. ಪ್ರಮಾಣಪತ್ರವಿಲ್ಲದ ಚಿತ್ರಗಳನ್ನು ಉತ್ಸವಗಳಲ್ಲಿ ತೋರಿಸಲು ಕೇಂದ್ರದ ವಿನಾಯಿತಿ ಬೇಕು. 2025ರ ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ಕೇರಳದ 30ನೇ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತಿದ್ದಾಗ 19 ಚಿತ್ರಗಳಿಗೆ ಆ ವಿನಾಯಿತಿ ಸಿಗದೆ ಪ್ರದರ್ಶನಗಳು ತಡೆದು ನಿಂತವು. ಪ್ರತಿನಿಧಿಗಳು ಪ್ರತಿಭಟನೆಗಿಳಿದರು, ಗದ್ದಲವೆದ್ದ ಬಳಿಕ ಹಲವು ಚಿತ್ರಗಳಿಗೆ ಅನುಮತಿ ಬಂತು. ಮೊದಲು ತಡೆಹಿಡಿದ ಪಟ್ಟಿಯಲ್ಲಿ ಪ್ಯಾಲೆಸ್ಟೀನ್ ಕುರಿತ ಹೊಸ ಚಿತ್ರಗಳಿದ್ದವು, ಆಫ್ರಿಕದ ಚಿತ್ರಗಳಿದ್ದವು. ಮಾಸ್ಕೋದಲ್ಲಿ ಮೊದಲ ಪ್ರದರ್ಶನ ಕಂಡು ಅದೇ ತಿಂಗಳಿಗೆ ಸರಿಯಾಗಿ ನೂರು ವರ್ಷ ತುಂಬಿದ ಒಂದು ಮೂಕಿ ಚಿತ್ರವೂ ಇತ್ತು: ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’.